ಕಾಲಿನಿಂದ ಕೇಳುವವಳು

ಚರ್ಚಿನಲ್ಲಿ ಆರ್ಗನ್ ನುಡಿಸುವ ಹಿಲ್ಲೆವಿ
ಅಕ್ಟೋಬರಿನ ಮೊದಲ ಹಿಮ ಬಿದ್ದ ದಿನ
ಗರಗಸ ಕಲಿಯಲು ಬಂದಳು.
ಕೈನೂ ಸೀಮೆಯಲ್ಲಿ, ಕೆರೆಯಾಚೆ,
ಚಿಕ್ಕಪ್ಪ ಬಿಟ್ಟುಹೋದ ಏಳು ಹೆಕ್ಟೇರು ಕಾಡು;
ಅದರೊಳಗೆ ಬಿರುಗಾಳಿ ಅರ್ಧಕ್ಕೆ ಬಿಟ್ಟುಹೋದ ಕೆಲಸ.

ಕೈ ನೋಡಿದೆ. ನೀಳ ಬೆರಳು, ಒಂದೂ ಗಾಯವಿಲ್ಲ.
ಇವಕ್ಕೆ ನಾನು ಜಾಮೀನು ನಿಲ್ಲಲಾರೆ, ಅಂದೆ.
ಅದಕ್ಕೇ ನಿಮ್ಮ ಹತ್ತಿರ ಬಂದೆ, ತೌನೊ, ಅಂದಳು.

ಮೊದಲ ದಿನ ಎಂಜಿನ್ನು ಮುಟ್ಟಿಸಲಿಲ್ಲ.
ಹೆಲ್ಮೆಟ್ಟು, ಮುಖಕ್ಕೆ ಜಾಲರಿ, ಕಿವಿಗೆ ಮುಚ್ಚಿಗೆ,
ಸರಪಳಿ ತಾಗಿದರೆ ನೂಲು ನೂಲಾಗಿ ಬಿಚ್ಚಿ
ಅದರ ಹಲ್ಲಿಗೇ ಸುತ್ತಿಕೊಂಡು ಉಸಿರು ಕಟ್ಟಿಸುವ ದಪ್ಪ ಷರಾಯಿ.
ಕನ್ನಡಿ ನೋಡಿ ನಕ್ಕಳು: ಇದು ಭಾನುವಾರದ ಉಡುಪಲ್ಲ.
ಭಾನುವಾರ ಕಾಣಬೇಕಾದರೆ ಇದೇ, ಅಂದೆ.

ಆಮೇಲೆ ಅರ ಹಿಡಿದು ಹಲ್ಲು ಮಸೆದಳು, ಎರಡು ಸಂಜೆ.
ಮೊಂಡು ಹಲ್ಲು ತೋಳಿನ ಬಲ ಕೇಳುತ್ತದೆ,
ಬಲ ಕೊಟ್ಟ ತೋಳು ಬುದ್ಧಿ ಕಳೆದುಕೊಳ್ಳುತ್ತದೆ.
ನೆಲಕ್ಕೆ ಊರಿ, ಹಿಡಿಯೊಳಗೆ ಬೂಟಿನ ತುದಿ ತೂರಿ,
ಬ್ರೇಕು ಹಾಕಿ ಆಮೇಲೆ ಎಳೆ ಹಗ್ಗ.
ಹೆಬ್ಬೆರಳು ಹಿಡಿಯನ್ನು ಸುತ್ತಿರಲಿ.
ಅಲಗಿನ ಮೂತಿಯ ಮೇಲಂಚು ಯಾವುದಕ್ಕೂ ತಾಗದಿರಲಿ;
ತಾಗಿದರೆ ಒದೆಯುತ್ತದೆ, ಮೇಲಕ್ಕೆ, ಹಿಂದಕ್ಕೆ,
ರೆಪ್ಪೆ ಮುಚ್ಚುವುದರೊಳಗೆ ನಿನ್ನ ಹಣೆಗೆ.

ಇದೆಲ್ಲ ನನಗೆ ಯಾರೂ ಹೇಳಲಿಲ್ಲ.
ಮೂವತ್ತೆಂಟು ಚಳಿಗಾಲ ಬರಿಗಿವಿಯಲ್ಲಿ ಕೊಯ್ದೆ.
ಕುದಿಯುವ ಕೆಟಲಿನ ಸಿಳ್ಳೆ
ನನಗೀಗ ಬರೀ ಹಬೆ.

ಮೂರನೆಯ ವಾರ ಆ ವಾಲಿದ ಸ್ಪ್ರೂಸ್.
ಮೊದಲು ತಲೆ ಎತ್ತಿ ನೋಡಿದೆವು, ಒಣಕೊಂಬೆ ಎಲ್ಲೆಲ್ಲಿ ಅಂತ.
ಒಂದು ನನ್ನ ಕಣ್ಣಿಗೆ ಬೀಳಲಿಲ್ಲ. ಅದನ್ನೂ ಬರೆಯಬೇಕು.
ಓಡುವ ಹಾದಿಯ ಹಿಮ ಗೋರಿದಳು, ಓರೆಯಾಗಿ ಹಿಂದಕ್ಕೆ.
ಬೀಳಬೇಕಾದ ಕಡೆಗೆ ಬಾಯಿ ತೆರೆದು
ಬೆನ್ನಿನಿಂದ ಕೊಯ್ದು ಬಂದಳು, ನಿಧಾನ.
ಸಾಕು, ಎಂದು ಕೈ ಮಾಡಿದೆ. ಪೂರ್ತಿ ಕೊಯ್ಯಬೇಡ.
ಎರಡು ಬೆರಳಗಲ ಮರ ಮರವಾಗಿಯೇ ಉಳಿಯಲಿ,
ಬಾಗಿಲಿಗೆ ಬಿಜಾಗರಿ ಇದ್ದ ಹಾಗೆ.
ಮರವನ್ನು ಬೀಳಿಸುವುದು ಕೊಯ್ದದ್ದು,
ದಾರಿ ತೋರಿಸುವುದು ಕೊಯ್ಯದೆ ಬಿಟ್ಟದ್ದು.

ಎಂಜಿನ್ನು ಆರಿಸಿದಳು. ನಾನು ಬೆಣೆ ಇಟ್ಟು ಬಡಿಯತೊಡಗಿದೆ.
ನಾಲ್ಕು ಪೆಟ್ಟು. ಐದು.
ಅವಳು ತನ್ನ ಬೂಟುಗಳನ್ನೇ ನೋಡುತ್ತಿದ್ದಳು,
ಹಿಮದೊಳಗೆ ಏನೋ ಬೀಳಿಸಿಕೊಂಡವಳ ಹಾಗೆ.
ತುಟಿ ಅಲುಗಿತು; ನನಗೇನೂ ಕೇಳಲಿಲ್ಲ.
ಅಂಗೈ ಎತ್ತಿದಳು, ಹಾಡುವವರನ್ನು ನಿಲ್ಲಿಸುವ ರೀತಿ,
ಗೋರಿದ ಹಾದಿ ಹಿಡಿದು ಹೊರಟೇಬಿಟ್ಟಳು.

ನನ್ನ ತೋಳಿನಲ್ಲಿ ಇನ್ನೊಂದು ಪೆಟ್ಟು ಉಳಿದಿತ್ತು.
ಇನ್ನೊಂದೇ ಪೆಟ್ಟು ಅಂದವರ ಶವಪೆಟ್ಟಿಗೆಗೆ
ಹೆಗಲು ಕೊಟ್ಟಿದ್ದೇನೆ, ಎರಡು ಸಲ.
ಸುತ್ತಿಗೆ ಅಲ್ಲೇ ಬಿಟ್ಟು ಅವಳ ಹಿಂದೆ ನಡೆದೆ.

ಬೇರಿನ ತಟ್ಟೆ ಹಿಮ ಸೀಳಿ ಮೇಲೆದ್ದಿತು.
ಸ್ಪ್ರೂಸ್ ಒಮ್ಮೆ ಹೊರಳಿ, ಕೆರೆಯ ಕಡೆಗೇ ಬಿತ್ತು.
ಅದರ ಹಿಂದೆಯೇ, ತಡವಾಗಿ, ಆ ಒಂದು ಒಣಕೊಂಬೆ
ನಾನು ನಿಂತಿದ್ದ ಹೆಜ್ಜೆಗುರುತಿನಲ್ಲಿ ನೆಟ್ಟಗೆ ನಾಟಿಕೊಂಡಿತು.

ಕಾಫಿ ಬಗ್ಗಿಸುವಾಗ ಕೈ ನಡುಗಿದ್ದು ನನ್ನದು.
ಕಾಲಿಗೆ ಕೇಳಿಸಿತು, ಅಂದಳು.
ಮೂವತ್ತು ವರ್ಷ ಪೆಡಲು ಒತ್ತಿದ ಕಾಲು.
ತೀರ ಕೆಳಗಿನ ಸ್ವರ
ಕಿವಿಗಿಂತ ಮೊದಲು ಅಂಗಾಲಿಗೆ ಬರುತ್ತದೆ.

ಮಧ್ಯಾಹ್ನ ಕೊಂಬೆ ಸವರಿದೆವು.
ಅಲಗು ದಿಮ್ಮಿಯ ಆಚೆ, ಕಾಲು ಈಚೆ;
ಬಿಲ್ಲಾಗಿ ಬಗ್ಗಿದ ಕೊಂಬೆಗೆ ಮೊದಲು ಒಳಬದಿಯಲ್ಲಿ ಚೂರು,
ಅದರ ಸಿಟ್ಟು ಇಳಿಯಲಿ ಅಂತ, ಆಮೇಲೆ ಹೊರಬದಿ.
ಇವೆಲ್ಲ ಹೇಳಿಕೊಟ್ಟೆ. ಹೇಳುತ್ತ ಹೇಳುತ್ತ
ಎರಡು ಸಲ ನೆಲದ ಕಡೆ ನೋಡಿಕೊಂಡೆ.

ಭಾನುವಾರ ಚರ್ಚಿಗೆ ಹೋದೆ, ಎಷ್ಟೋ ವರ್ಷದ ಮೇಲೆ.
ಕೊನೆಯ ಬೆಂಚು. ಬೂಟು ಬಿಚ್ಚಿ ಪಕ್ಕಕ್ಕಿಟ್ಟು
ಉಣ್ಣೆಯ ಕಾಲುಚೀಲದಲ್ಲಿ ಹಲಗೆಯ ಮೇಲೆ ಕಾಲೂರಿ ಕೂತೆ.
ಪಕ್ಕದ ಹೆಂಗಸು ಮೂಗು ಮುಚ್ಚಿಕೊಂಡಳು.
ಬಹಳ ಹೊತ್ತು ಏನೂ ಇಲ್ಲ.
ಆಮೇಲೆ ಎಡಗಾಲಿನ ಹಿಮ್ಮಡಿಗೆ ಬಂತು.